ಆ ‘ನಾಲ್ಕು ಜನ’ ಈಗ ಎಷ್ಟು ಜನ?



ಕಳೆದ ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ನಾವು ಮೂವರೂ ನಮ್ಮ ಬುದಯ್ಯದ ರೈತರ ಸಂತೆಗೆ ಹೋಗಿದ್ದೆವು. ಇಲ್ಲಿನ ಬೊಟಾನಿಕಲ್ ಗಾರ್ಡನ್ನಿನಲ್ಲಿ ಚಳಿಗಾಲದ ಶನಿವಾರಗಳಂದು ಸೇರುವ ಈ ಸಂತೆಯನ್ನು ಇನ್ನೂ ನೋಡದವರು ಒಮ್ಮೆ ಬನ್ನಿ. ಸಬ್ಬಸಿಗೆ, ಮೂಲಂಗಿ, ಕೊತ್ತಂಬರಿ ಎಲ್ಲ ಬೇರಿನ ಮಣ್ಣಿನ ಸಮೇತ ಸಿಗುತ್ತವೆ. ಮರಳುಗಾಡಿನ ದೇಶದಲ್ಲಿದ್ದೇವೆ ಎನ್ನುವುದು ಎರಡು ಗಂಟೆ ಮರೆತೇ ಹೋಗುತ್ತದೆ. ನನ್ನವಳು ಸೊಪ್ಪು ಆರಿಸುತ್ತಿದ್ದಳು. ಹತ್ತನೇ ಕ್ಲಾಸಿನ ಮಗಳು ಹೂವಿನ ಕುಂಡಗಳ ಮುಂದೆ ನಿಂತು ನನ್ನ ಕೈಯಲ್ಲಿ ಹನ್ನೊಂದು ಫೋಟೋ ತೆಗೆಸಿದಳು. ಅದರಲ್ಲಿ ಒಂದನ್ನು ಆರಿಸಿ ಅಲ್ಲೇ ನಿಂತು ಇನ್‌ಸ್ಟಾಗ್ರಾಂಗೆ ಹಾಕಿದಳು. ಚೆಂದದ ಫೋಟೋ. ಅಪ್ಪ ಎಂದು ಹೇಳುತ್ತಿಲ್ಲ, ನಿಜವಾಗಿಯೂ ಚೆಂದ ಇತ್ತು.

ರಾತ್ರಿ ಊರಲ್ಲಿರುವ ಅಮ್ಮನಿಗೆ ಕಳಿಸೋಣ ಎಂದು ಆ ಫೋಟೋ ಕೇಳಿದೆ.

“ಡಿಲೀಟ್ ಮಾಡಿದೆ.”

“ಯಾಕೆ?”

“ಇಪ್ಪತ್ತಮೂರೇ ಬಂದದ್ದು.”

ಇಪ್ಪತ್ತಮೂರು ಲೈಕು. ಅವಳ ಗೆಳತಿಯೊಬ್ಬಳಿಗೆ ಅದೇ ದಿನ ಇನ್ನೂರರ ಮೇಲೆ ಬಂದಿತ್ತಂತೆ. ನನಗೆ ಸಿಟ್ಟು ಬಂತು. ನಮ್ಮ ಕಾಲದಲ್ಲಿ ವರ್ಷಕ್ಕೊಂದು ಗ್ರೂಪ್ ಫೋಟೋ, ಅದರಲ್ಲೂ ಅರ್ಧ ಮುಖ ಮುಂದಿನವನ ತಲೆಯ ಹಿಂದೆ, ನಾವೇನು ಸತ್ತುಹೋದೆವೇ... ಹೀಗೆ ಇಪ್ಪತ್ತು ನಿಮಿಷ ಭಾಷಣ ಬಿಗಿದೆ. (ನಮ್ಮ ಸಂಘದ ವೇದಿಕೆಯಲ್ಲಿ ಇಷ್ಟು ಹೊತ್ತು ಮಾತಾಡಿದರೆ ಚೀಟಿ ಬರುತ್ತದೆ, ಮನೆಯಲ್ಲಿ ಆ ಭಯವಿಲ್ಲ.) ಅವಳು ಪೂರ್ತಿ ಕೇಳಿಸಿಕೊಂಡು ಮೆಲ್ಲಗೆ ಅಂದಳು: “ಅಪ್ಪಾ, ರಾಜ್ಯೋತ್ಸವದ ದಿನ ನೀವು ಬರೆದದ್ದನ್ನು ಗ್ರೂಪಿಗೆ ಹಾಕಿದ್ದಿರಲ್ಲ, ಆ ದಿನ ಎಷ್ಟು ಸಲ ಫೋನ್ ತೆಗೆದು ನೋಡಿದ್ರಿ, ನೆನಪುಂಟಾ?”

ನೆನಪುಂಟು ಮಾರಾಯ್ರೇ. ಮೂರು ರಾತ್ರಿ ಕೂತು ಬರೆದ ಆ ಬರಹಕ್ಕೆ ಬಂದದ್ದು ನಾಲ್ಕು ಹೆಬ್ಬೆರಳು, ಒಂದು ಕೈಮುಗಿದ ಚಿತ್ರ. ಅದಾದ ಅರ್ಧ ಗಂಟೆಯಲ್ಲಿ ಒಬ್ಬರು ಹಾಕಿದ ಮೈಸೂರುಪಾಕಿನ ಫೋಟೋಗೆ ನಲವತ್ತೆರಡು! ಮೈಸೂರುಪಾಕಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ನಲವತ್ತೆರಡು ಎಂದು ನಾನು ಎಣಿಸಿದ್ದೆ, ಐವತ್ತೈದು ವರ್ಷದ ಗಂಡಸು. ಮಗಳ ಇಪ್ಪತ್ತಮೂರಕ್ಕೂ ನನ್ನ ನಲವತ್ತೆರಡಕ್ಕೂ ಏನು ವ್ಯತ್ಯಾಸ ಎಂದು ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಈ ಲೇಖನ ಅಲ್ಲಿಂದ ಹುಟ್ಟಿದ್ದು.

ನಾವೆಲ್ಲ ಒಂದು ಮಾತು ಕೇಳಿಕೊಂಡೇ ಬೆಳೆದವರು. “ನಾಲ್ಕು ಜನ ಏನೆಂದಾರು?” ಮಾರ್ಕು ಕಡಿಮೆ ಬಂದರೆ ನಾಲ್ಕು ಜನ, ಮದುವೆಯಲ್ಲಿ ಹೋಳಿಗೆ ಬಡಿಸದಿದ್ದರೆ ನಾಲ್ಕು ಜನ, ಮಗಳು ರಾತ್ರಿ ಎಂಟರ ಬಸ್ಸಿಗೆ ಬಂದರೆ ನಾಲ್ಕು ಜನ. ಆ ನಾಲ್ವರು ಯಾರು ಎಂದು ನಾನು ಚಿಕ್ಕವನಿದ್ದಾಗ ಅಜ್ಜಿಯನ್ನು ಕೇಳಿ ಬೈಸಿಕೊಂಡಿದ್ದೆ. ಈಗ ಯೋಚಿಸಿದರೆ ಅವರು ನಿಜವಾಗಿಯೂ ಸುಮಾರು ನಾಲ್ಕೇ ಜನ ಇದ್ದರು! ಪಕ್ಕದ ಮನೆಯವರು, ಶ್ಯಾನುಭೋಗರ ಮನೆಯವರು, ಶಾಲೆಯ ಮಾಸ್ತರರು, ಒಬ್ಬ ದೊಡ್ಡಮ್ಮ. ಅವರಿಗೂ ತಮ್ಮ ತಮ್ಮ ಗದ್ದೆ, ದನ, ಕೋರ್ಟು ಕಚೇರಿ ಇದ್ದವು. ನಮ್ಮ ಬಗ್ಗೆ ಒಂದು ವಾರ ಮಾತಾಡಿ ಮರೆಯುತ್ತಿದ್ದರು. ಮುಖ್ಯವಾಗಿ ಅವರು ಏನೆಂದರು ಎನ್ನುವುದು ನಮ್ಮ ಕಿವಿಗೆ ಪೂರ್ತಿ ಬೀಳುತ್ತಿರಲಿಲ್ಲ.

ಈಗ? ವಾಟ್ಸಾಪ್ ಗುಂಪಿನಲ್ಲಿ 2016ರಲ್ಲಿ 256 ಜನರಿಗೆ ಜಾಗವಿತ್ತು, 2022ರಿಂದ 1024 ಜನರಿಗೆ ಜಾಗವಿದೆ. ಅವರು ಏನೆಂದರು ಎನ್ನುವುದು ಅಂಕಿಯಲ್ಲಿ ಕೈಗೆ ಬರುತ್ತದೆ. ಫೇಸ್‌ಬುಕ್ಕಿನವರು ಲೈಕ್ ಗುಂಡಿಯನ್ನು ತಂದದ್ದು 2009ರ ಫೆಬ್ರವರಿಯಲ್ಲಿ. ಅದಕ್ಕೆ ಮೊದಲು ಮನುಷ್ಯನಿಗೆ ತನ್ನ ಬಗ್ಗೆ ಊರಿನ ಅಭಿಪ್ರಾಯ ಏನೆಂದು ಊಹಿಸಿಕೊಳ್ಳುವ ಸ್ವಾತಂತ್ರ್ಯ ಇತ್ತು. ಊಹೆಯಲ್ಲಿ ಸ್ವಲ್ಪ ಉಬ್ಬಿಸಿಕೊಳ್ಳಲೂ ಅವಕಾಶವಿತ್ತು. ನನ್ನಂಥವನು ಊರ ಜಾತ್ರೆಯಲ್ಲಿ ಪದ ಹೇಳಿ ಬಂದು, ಎಲ್ಲರಿಗೂ ಇಷ್ಟವಾಯಿತು ಎಂದುಕೊಂಡು ಹಾಯಾಗಿ ಮಲಗಬಹುದಿತ್ತು.

ಆದರೆ ಎಲ್ಲಾ ತಪ್ಪನ್ನೂ ಫೋನಿನ ತಲೆಗೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಗಲ್ಫಿನವರಾದ ನಮಗೆ ಈ ಕಾಯಿಲೆ ಫೋನಿಗಿಂತ ಮೊದಲೇ ಇತ್ತು. ನೆನಪು ಮಾಡಿಕೊಳ್ಳಿ. ನಾನು ಬಂದದ್ದು 1996ರಲ್ಲಿ. ಮೊದಲ ರಜೆಗೆ ಹೊರಡುವಾಗ ಆರು ತಿಂಗಳಿನಿಂದ ಸಾಮಾನು ಕೂಡಿಹಾಕಿದ್ದೆ. ಟ್ಯಾಂಗ್ ಪುಡಿ, ನಿಡೋ ಡಬ್ಬಿ, ಟೈಗರ್ ಬಾಮ್, ಸೆಂಟು, ಪಿಸ್ತಾ, ದೊಡ್ಡಪ್ಪನಿಗೆ ಟೇಪ್ ರೆಕಾರ್ಡರು. ಆ ರಟ್ಟಿನ ಪೆಟ್ಟಿಗೆಗೆ ನೈಲಾನ್ ಹಗ್ಗ ಬಿಗಿದು, ಮೇಲೆ ದಪ್ಪಕ್ಷರದಲ್ಲಿ ಹೆಸರು ಬರೆದು ತಂದು ಚಾವಡಿಯಲ್ಲಿ ಬಿಚ್ಚಿದರೆ, ಸುತ್ತ ಕೂತವರ ಮುಖದಲ್ಲಿ ನಮ್ಮ ಬೆಲೆ ಕಾಣಿಸುತ್ತಿತ್ತು. ಹಿಂದೆ ಹೋದವನು ಏನು ತಂದಿದ್ದ, ಇವನು ಏನು ತಂದ ಎಂಬ ತೂಕ ಅಲ್ಲೇ ನಡೆಯುತ್ತಿತ್ತು. ಒಂದು ಕೋಣೆಯಲ್ಲಿ ಆರು ಜನ ಮಲಗುತ್ತಿದ್ದೆವು, ನನ್ನ ಹಾಸಿಗೆ ಬಾಗಿಲ ಪಕ್ಕ ಇತ್ತು ಎನ್ನುವುದನ್ನು ಊರಲ್ಲಿ ನಾನು ಯಾರಿಗೂ ಹೇಳಿಲ್ಲ. ನನ್ನ ತಾಯಿಗೂ ಹೇಳಿಲ್ಲ. ಆಗಿನ ಸ್ಟೇಟಸ್ಸು ಅದೇ ಪೆಟ್ಟಿಗೆ! ಎರಡು ವರ್ಷಕ್ಕೊಮ್ಮೆ ಬಿಚ್ಚುತ್ತಿದ್ದೆವು, ಈಗ ದಿನಕ್ಕೆ ಮೂರು ಸಲ ಬಿಚ್ಚುತ್ತೇವೆ, ಅಷ್ಟೇ.

ಇನ್ನೊಂದು ಸಂಗತಿ ಇದೆ, ಅದನ್ನು ನಾವು ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಇಲ್ಲಿ ನಮ್ಮ ಇರವು ಕೆಲಸಕ್ಕೆ ಕಟ್ಟಿದ್ದು. ಕೆಲಸ ಇದ್ದರೆ ವೀಸಾ, ವೀಸಾ ಇದ್ದರೆ ಸಿಪಿಆರ್ ಕಾರ್ಡು, ಸಿಪಿಆರ್ ಇದ್ದರೆ ಮನೆ, ಫೋನು, ಬ್ಯಾಂಕು, ಮಕ್ಕಳ ಶಾಲೆ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಬೇಕಾದರೆ ಸಂಬಳ ಇಂತಿಷ್ಟಿರಬೇಕು ಎಂಬ ನಿಯಮವೂ ಇದೆ. ಮಗುವನ್ನು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಳ್ಳುವ ಯೋಗ್ಯತೆ ನಿನಗೆ ಇದೆಯೋ ಇಲ್ಲವೋ ಎಂಬುದನ್ನು ಸಂಬಳದ ಚೀಟಿ ತೀರ್ಮಾನಿಸುವ ಜಾಗದಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದವರು ನಾವು. ಹೀಗಿರುವಾಗ ‘ನಾನು’ ಎಂದರೆ ‘ನನ್ನ ಕೆಲಸ’ ಎಂದಾಗಿಬಿಡುವುದರಲ್ಲಿ ಆಶ್ಚರ್ಯವೇನು?

ವಿಲಿಯಂ ಜೇಮ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1890ರ ತನ್ನ ಗ್ರಂಥದಲ್ಲಿ ಆತ್ಮಗೌರವಕ್ಕೆ ಒಂದು ಲೆಕ್ಕ ಕೊಟ್ಟಿದ್ದಾನೆ. ನೀನು ಗೆದ್ದದ್ದನ್ನು ನೀನು ಆಸೆಪಟ್ಟದ್ದರಿಂದ ಭಾಗಿಸು, ಬಂದದ್ದೇ ನಿನ್ನ ಕಣ್ಣಲ್ಲಿ ನಿನ್ನ ಬೆಲೆ. ಮನಶ್ಶಾಸ್ತ್ರದಲ್ಲಿ ತನಗಿಂತ ಹೆಚ್ಚು ತಿಳಿದವನನ್ನು ಕಂಡರೆ ತನಗೆ ಅವಮಾನವಾಗುತ್ತದೆ, ಗ್ರೀಕ್ ಭಾಷೆ ಒಂದಿಷ್ಟೂ ಬಾರದಿದ್ದರೆ ಏನೂ ಅನಿಸುವುದಿಲ್ಲ, ಏಕೆಂದರೆ ಗ್ರೀಕ್ ಪಂಡಿತನಾಗುವ ಆಸೆಯೇ ತನಗಿಲ್ಲ ಎನ್ನುತ್ತಾನೆ. ಈ ಲೆಕ್ಕದಲ್ಲಿ ಬೆಲೆ ಹೆಚ್ಚಿಸಿಕೊಳ್ಳಲು ಎರಡು ದಾರಿ. ಮೇಲಿನದನ್ನು ಹೆಚ್ಚಿಸಬಹುದು, ಕೆಳಗಿನದನ್ನು ಇಳಿಸಬಹುದು. ಫೋನು ಮಾಡುವುದೇನು? ಕೆಳಗಿನದನ್ನು ಪ್ರತಿದಿನ ಏರಿಸುತ್ತದೆ. ನಿನ್ನೆಯವರೆಗೆ ನನಗೆ ಜಾರ್ಜಿಯಾ ದೇಶಕ್ಕೆ ಹೋಗಬೇಕೆಂಬ ಆಸೆಯೇ ಇರಲಿಲ್ಲ. ಈದ್ ರಜೆಯಲ್ಲಿ ಮೂರು ಮನೆಯವರು ಅಲ್ಲಿನ ಮಂಜಿನ ಮೇಲೆ ನಿಂತ ಫೋಟೋ ಬಂದ ಮೇಲೆ, ಹೋಗದೆ ಇದ್ದದ್ದು ನನ್ನ ಸೋಲಾಯಿತು. ನಮ್ಮ ಬುದಯ್ಯದ ಕಡಲ ದಂಡೆಯಲ್ಲಿ ಸಂಜೆ ಚಹಾ ಕುಡಿಯುತ್ತಾ ಸೂರ್ಯ ಮುಳುಗುವುದನ್ನು ನೋಡುವ ಸುಖ ಅದೇ ಇತ್ತು, ಚಹಾದ ರುಚಿಯೂ ಅದೇ. ಆದರೂ ಏನೋ ಕಡಿಮೆಯಾಯಿತು.

ಗಮನಿಸಿ, ಮೂರು ಮನೆಯವರು ಎಂದೆ, ಅರಮನೆಯವರು ಎನ್ನಲಿಲ್ಲ. ಲಿಯಾನ್ ಫೆಸ್ಟಿಂಗರ್ ಎಂಬಾತ 1954ರಲ್ಲೇ ಹೇಳಿದ್ದು ಇದು: ಮನುಷ್ಯ ತನ್ನನ್ನು ತನ್ನಂಥವರ ಜೊತೆಗೇ ಹೋಲಿಸಿಕೊಳ್ಳುತ್ತಾನೆ. ರಿಫಾದ ಬಂಗಲೆಗಳನ್ನು ಕಂಡು ನಮಗೆ ಹೊಟ್ಟೆ ಉರಿಯುವುದಿಲ್ಲ. ನಮ್ಮದೇ ತಾಲೂಕಿನವನು, ನಮ್ಮದೇ ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು ಹೊಸ ಕಾರಿನ ಬೀಗದ ಕೈ ಹಿಡಿದು ನಿಂತರೆ ಉರಿಯುತ್ತದೆ. ಪರದೇಶದ ಕನ್ನಡ ಗುಂಪು ಎಂದರೆ ಅಂಥವರೇ. ಒಂದೇ ವಯಸ್ಸು, ಒಂದೇ ಕಡೆಯ ಊರು, ಒಂದೇ ಶಾಲೆಗೆ ಹೋಗುವ ಮಕ್ಕಳು. ಹೋಲಿಕೆಗೆ ಇದಕ್ಕಿಂತ ಹದವಾದ ಗದ್ದೆ ಇನ್ನೊಂದಿಲ್ಲ.

ಬಹ್ರೈನಿನವರಿಗೆ ಈ ಪಾಠ ನೂರು ವರ್ಷ ಹಿಂದೆಯೇ ಆಗಿದೆ ನೋಡಿ. ಇಲ್ಲಿನ ಮುತ್ತಿನ ವ್ಯಾಪಾರಿಗಳು ಹಿತ್ತಾಳೆಯ ಸಣ್ಣ ಜರಡಿಗಳಲ್ಲಿ ಮುತ್ತು ಜಾಲಿಸಿ, ಗಾತ್ರದ ಪ್ರಕಾರ ವಿಂಗಡಿಸಿ, ತೂಗಿ, ಬೊಂಬಾಯಿಗೆ ಕಳಿಸುತ್ತಿದ್ದರು. ಜಪಾನಿನವರು ಸಾಕಿ ಬೆಳೆಸಿದ ಮುತ್ತನ್ನು ಪೇಟೆಗೆ ತಂದರು, ಜೊತೆಗೆ ಜಗತ್ತಿನ ಆರ್ಥಿಕ ಕುಸಿತವೂ ಬಂತು, 1930ರ ದಶಕದಲ್ಲಿ ಇಲ್ಲಿನ ಮುತ್ತಿನ ಬೆಲೆ ನೆಲ ಕಚ್ಚಿತು. ಮುತ್ತು ಏನೂ ಬದಲಾಗಿರಲಿಲ್ಲ. ಅದೇ ಕಡಲಿನಿಂದ, ಅದೇ ಹೊಳಪಿನದು. ಪಕ್ಕದಲ್ಲಿಟ್ಟು ನೋಡಲು ಇನ್ನೊಂದು ಬಂದಿತ್ತು ಅಷ್ಟೇ. 1932ರಲ್ಲಿ ಎಣ್ಣೆ ಸಿಗದಿದ್ದರೆ ಈ ದ್ವೀಪದ ಗತಿ ಏನಾಗುತ್ತಿತ್ತೋ. ಇಲ್ಲಿನವರು ಸಾಕಿದ ಮುತ್ತಿನ ವ್ಯಾಪಾರವನ್ನೇ ನಿಷೇಧಿಸಿದರು. ನಾವು ಫೋಟೋಗಳನ್ನು ಹಾಗೆ ನಿಷೇಧಿಸಲು ಬರುವುದಿಲ್ಲ, ನಾವೇ ಬೆಳೆಸುವವರಲ್ಲವೇ!

ಇಷ್ಟು ತಮಾಷೆಯಾಗಿ ಬರೆದೆ. ಈಗ ಬರೆಯುವುದು ತಮಾಷೆಯದಲ್ಲ.

ನನಗೊಬ್ಬ ಗೆಳೆಯ. ಇಲ್ಲಿಯೇ ಬುದಯ್ಯ ರಸ್ತೆಯ ಆಚೀಚೆ ಹದಿನಾಲ್ಕು ವರ್ಷ ಜೊತೆಗಿದ್ದವರು ನಾವು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾರೆ. ಕೆಲವು ವರ್ಷಗಳ ಹಿಂದೆ ಒಂದು ಬುಧವಾರ ನಾನು ಅವರಿಗೆ “ಶುಕ್ರವಾರ ಊಟಕ್ಕೆ ಬನ್ನಿ, ನೀರುದೋಸೆ ಕೋಳಿ ಸುಕ್ಕ” ಎಂದು ಸಂದೇಶ ಹಾಕಿದೆ. ಸಂಜೆಗೆ ಎರಡು ನೀಲಿ ಗೆರೆ ಬಂತು, ಅಂದರೆ ಓದಿದ್ದಾರೆ. ಉತ್ತರವಿಲ್ಲ. ಗುರುವಾರವೂ ಇಲ್ಲ, ಶುಕ್ರವಾರವೂ ಇಲ್ಲ. ಶನಿವಾರ ಅವರು ದುಬೈಯ ಎತ್ತರದ ಕಟ್ಟಡದ ಮುಂದೆ ನಿಂತ ಫೋಟೋ ಸ್ಟೇಟಸ್ಸಿನಲ್ಲಿ! ನನ್ನ ಮೈ ಉರಿದುಹೋಯಿತು. ನನ್ನ ಮನೆಯ ನೀರುದೋಸೆಗೆ ‘ಬರುವುದಿಲ್ಲ’ ಎನ್ನುವ ಒಂದು ಪದದ ಬೆಲೆಯೂ ಇಲ್ಲವೇ? ಹದಿನಾಲ್ಕು ವರ್ಷದ ಸ್ನೇಹ ಎಂದರೆ ಇಷ್ಟೇ? ಸರಿ, ನಾನೂ ಮಾತು ನಿಲ್ಲಿಸಿದೆ. ಆದರೆ ನನ್ನ ದೊಡ್ಡತನ ನೋಡಿ, ಅವರ ಫೋಟೋಗಳಿಗೆ ಹೆಬ್ಬೆರಳು ಒತ್ತುವುದನ್ನು ಮಾತ್ರ ಬಿಡಲಿಲ್ಲ. ಸಿಟ್ಟು ಬಂದಿದೆ ಎಂದು ಅವರಿಗೆ ಗೊತ್ತಾಗಬಾರದಲ್ಲ!

ಹೀಗೆ ಸುಮಾರು ನಾಲ್ಕು ತಿಂಗಳು. ಒಂದು ದಿನ ನಮ್ಮ ಬೀದಿಯ ಕೋಲ್ಡ್ ಸ್ಟೋರಿನ ಮಲಯಾಳಿ ಅಣ್ಣ ಹಾಲಿನ ದುಡ್ಡು ತೆಗೆದುಕೊಳ್ಳುತ್ತಾ, “ನಿಮ್ಮ ದೋಸ್ತಿಗೆ ಹುಷಾರಿಲ್ವಾ ಸಾರ್? ದಿನಾ ಕುಬೂಸು ಮೊಟ್ಟೆ ಮಾತ್ರ ತಗೊಂಡು ಹೋಗ್ತಾರೆ” ಎಂದ. ಅಷ್ಟೇ ಹೇಳಿದ್ದು. ಲೆಕ್ಕದ ಪುಸ್ತಕ ಅವನ ಕೈಯ ಕೆಳಗೆ ಇತ್ತು, ತೆರೆದು ತೋರಿಸಲಿಲ್ಲ.

ನಾನು ನೇರ ಅವರ ಮನೆಗೆ ಹೋದೆ. ಬಾಗಿಲು ತೆಗೆಯಲು ಹತ್ತು ನಿಮಿಷ ಹಿಡಿಯಿತು. ಆರು ತಿಂಗಳ ಹಿಂದೆಯೇ ಕೆಲಸ ಹೋಗಿತ್ತು. ಮಕ್ಕಳ ಓದಿಗೆಂದು ಮನೆಯವರನ್ನು ಊರಿಗೆ ಕಳಿಸಿದ್ದೇನೆ ಎಂದು ನಮಗೆಲ್ಲ ಹೇಳಿದ್ದರಲ್ಲ, ಅದು ಫೀಸು ಕಟ್ಟಲಾಗದೆ. ದುಬೈಯ ಫೋಟೋ ಎರಡು ವರ್ಷ ಹಳೆಯದು. ಊರಲ್ಲಿರುವ ಹೆಂಡತಿಯ ತವರಿನವರು ನೋಡಲಿ ಎಂದು ವಾರಕ್ಕೊಂದು ಹಳೆಯ ಫೋಟೋ ಹುಡುಕಿ ಹಾಕುತ್ತಿದ್ದರು. “ಊಟಕ್ಕೆ ಬಂದಿದ್ದರೆ ‘ಕೆಲಸ ಹೇಗುಂಟು’ ಅಂತ ನೀವು ಕೇಳ್ತಿದ್ರಿ. ಏನು ಹೇಳಲಿ? ಉತ್ತರ ಬರೆದು ಬರೆದು ಅಳಿಸಿದೆ” ಎಂದರು. ಆಮೇಲೆ ಅವರು ಹೇಳಿದ ಮಾತು ನನ್ನ ಎದೆಯಲ್ಲಿ ಇನ್ನೂ ಕೂತಿದೆ. “ಕೆಲಸ ಹೋದದ್ದು ತಡೆದುಕೊಂಡೆ ಮಾರಾಯ್ರೇ. ಫೋಟೋದ ಕೆಳಗೆ ನೀವೆಲ್ಲ ‘ಸೂಪರ್’ ಅಂತ ಹಾಕ್ತಿದ್ರಲ್ಲ, ಅದು ತಡೆಯಲಿಕ್ಕೆ ಆಗ್ತಿರಲಿಲ್ಲ. ನಿಮಗೆ ಇಷ್ಟವಾದ ಆ ಮನುಷ್ಯ ನಾನಲ್ಲ ಅಂತ ನನಗೆ ಗೊತ್ತಿತ್ತು.” ಒಂದೆರಡು ರಾತ್ರಿ ಬೇರೆ ಯೋಚನೆಗಳೂ ಬಂದಿದ್ದವು ಎಂದರು. ಯಾವ ಯೋಚನೆ ಎಂದು ನಾನು ಬಿಡಿಸಿ ಬರೆಯುವುದಿಲ್ಲ.

‘ನಾಲ್ಕು ಜನ’ ಎಂಬ ಮಾತಿಗೆ ನಮ್ಮಲ್ಲಿ ಇನ್ನೊಂದು ಅರ್ಥವೂ ಇದೆ, ಬಲ್ಲಿರಿ. ಮನುಷ್ಯ ಏನೇ ಸಂಪಾದಿಸಲಿ, ಕೊನೆಗೆ ಹೆಗಲು ಕೊಡಲು ನಾಲ್ಕು ಜನ ಬೇಕು ಎನ್ನುತ್ತಾರೆ. ಬಾಯಿಗೆ ಹೆದರುವ ನಾಲ್ವರೂ ಹೆಗಲು ಕೊಡುವ ನಾಲ್ವರೂ ನಮ್ಮ ಹಿರಿಯರ ಕಾಲದಲ್ಲಿ ಒಬ್ಬರೇ ಆಗಿದ್ದರು. ಬೈದವನೇ ಗದ್ದೆಗೆ ನೀರು ಬಿಡುತ್ತಿದ್ದ. ನನ್ನ ಗೆಳೆಯನಿಗೆ ನೂರಾರು ಜನರ ಹೆಬ್ಬೆರಳು ಇತ್ತು, ವಿಷಯ ಗೊತ್ತಿದ್ದದ್ದು ಮಾತ್ರ ಸಾಲ ಬರೆದುಕೊಳ್ಳುತ್ತಿದ್ದ ಅಂಗಡಿಯವನಿಗೆ. ಅವನ ಭಾಷೆಯೂ ಕನ್ನಡವಲ್ಲ.

ನೀಲಿ ಗೆರೆಯ ವಿಷಯಕ್ಕೆ ಬರುತ್ತೇನೆ. ಇದನ್ನು ವಾಟ್ಸಾಪಿನವರು ತಂದದ್ದು 2014ರ ನವೆಂಬರಿನಲ್ಲಿ. ಜನ ರಂಪ ಮಾಡಿದ್ದರಿಂದ ಕೆಲವೇ ದಿನಗಳಲ್ಲಿ ಅದನ್ನು ಮುಚ್ಚಿಡುವ ಸೌಲಭ್ಯವನ್ನೂ ಕೊಟ್ಟರು. (ಗುಂಪುಗಳಲ್ಲಿ ಮಾತ್ರ ಮುಚ್ಚಿಡಲು ಬರುವುದಿಲ್ಲ.) ಕಾಗದದ ಕಾಲದಲ್ಲಿ ಉತ್ತರ ಬಾರದಿದ್ದರೆ ಅಂಚೆಯವನನ್ನು ಬೈಯಬಹುದಿತ್ತು. ಊರಿಂದ ಇಲ್ಲಿಗೆ ಕಾಗದ ತಲುಪಲು ಎರಡು ವಾರ, ಮಧ್ಯೆ ಎಲ್ಲಿ ಬೇಕಾದರೂ ಕಳೆದುಹೋಗಿರಬಹುದು. ಸಂಬಂಧ ಉಳಿಸಿಕೊಳ್ಳಲು ಅಂಚೆ ಇಲಾಖೆಯ ತಪ್ಪು ಎಷ್ಟು ಅನುಕೂಲವಾಗಿತ್ತು! ಈಗ ಆ ನೆಪ ಹೋಯಿತು. ಓದಿದ್ದಾರೆ, ಉತ್ತರಿಸಿಲ್ಲ, ಅಂದರೆ ನನಗೆ ಬೆಲೆ ಇಲ್ಲ. ನಾಲ್ಕು ತಿಂಗಳು ನಾನು ಹಾಗೆಯೇ ಅಂದುಕೊಂಡಿದ್ದೆ. ಅವರ ಮೌನ ಅವರ ಬಗ್ಗೆ ಇತ್ತು, ನಾನು ಅದನ್ನು ನನ್ನ ಬಗ್ಗೆ ಎಂದು ಓದಿದೆ.

ಮನೆಮನೆಯಲ್ಲೂ ಇದರ ಸಣ್ಣ ರೂಪ ಇದೆ. ನನ್ನವಳಿಗೆ ಊರಿನ ಅಕ್ಕನ ಮೇಲೆ, ಅಂದರೆ ನನ್ನ ಅತ್ತಿಗೆಯ ಮೇಲೆ, ಒಂದು ದೂರು ಇತ್ತು. “ಅಕ್ಕ ನನ್ನ ಎಲ್ಲಾ ಸ್ಟೇಟಸ್ ನೋಡ್ತಾರೆ, ಒಂದು ಮಾತು ಹೇಳೋದಿಲ್ಲ.” ಕಳೆದ ರಜೆಯಲ್ಲಿ ಬಜ್ಪೆಯಲ್ಲಿ ಇಳಿದು ಮನೆಗೆ ಹೋದಾಗ, ಒಂದು ರಾತ್ರಿ ಅಡುಗೆಮನೆಯಲ್ಲಿ ಇಬ್ಬರೂ ಹಲಸಿನ ಬೀಜ ಸುಲಿಯುತ್ತಾ ಕೂತಿದ್ದಾಗ ಅತ್ತಿಗೆಯೇ ಹೇಳಿದರಂತೆ. ಅಮ್ಮನಿಗೆ ರಾತ್ರಿಯ ಮಾತ್ರೆ ಕೊಟ್ಟು, ಮಗ್ಗುಲು ಬದಲಿಸಿ, ಹತ್ತೂವರೆಗೆ ಫೋನು ತೆಗೆದರೆ ನಮ್ಮ ಕಡಲು, ನಮ್ಮ ಹೋಟೆಲು, ನಮ್ಮ ಹೊಸ ಸೋಫಾ. ನಾನು ಈ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ ಅನಿಸುತ್ತದೆ, ಚೆಂದ ಉಂಟು ಅಂತ ಬರೆಯಲು ಕೈ ಬರುವುದಿಲ್ಲ ಎಂದರಂತೆ. ತಮಾಷೆ ಏನೆಂದರೆ ಅತ್ತಿಗೆ ಹಾಕುವ ತುಳಸಿಕಟ್ಟೆ, ಅಂಗಳದಲ್ಲಿ ಒಣಗಿಸಿದ ಹಪ್ಪಳ, ಮಳೆ ಬೀಳುವ ತೋಟ ಇವನ್ನೆಲ್ಲ ನೋಡಿ ಇಲ್ಲಿ ನನ್ನವಳು, ನಾವು ಬದುಕನ್ನೇ ಕಳೆದುಕೊಂಡೆವು ಎಂದು ಕೊರಗುತ್ತಿದ್ದಳು! ಇವಳು ಅವರ ಅಂಗಳಕ್ಕೆ, ಅವರು ಇವಳ ಕಡಲಿಗೆ ಆಸೆಪಡುತ್ತಾ ಇಬ್ಬರೂ ತಾವೇ ಸೋತವರು ಎಂದುಕೊಂಡಿದ್ದರು. ಅಮ್ಮನ ಮಗ್ಗುಲು ಬದಲಿಸುವ ಫೋಟೋವನ್ನು ಅತ್ತಿಗೆ ಹಾಕಿರಲಿಲ್ಲ, ಬೇಸಿಗೆಯಲ್ಲಿ ನಾಲ್ಕು ತಿಂಗಳು ಬಾಗಿಲು ಮುಚ್ಚಿ ಎ.ಸಿ.ಯ ಸದ್ದು ಕೇಳುತ್ತಾ ಒಬ್ಬಳೇ ಕೂರುವುದನ್ನು ನನ್ನವಳೂ ಹಾಕಿರಲಿಲ್ಲ.

ಹಾಗಾದರೆ ಫೋನು ಎಸೆಯಬೇಕೇ? ಎಸೆಯಿರಿ ಎನ್ನುವವರು ಊರಲ್ಲಿ ಅಪ್ಪ ಅಮ್ಮನ ಪಕ್ಕದಲ್ಲಿರುವವರು. 2020ರ ಮಾರ್ಚ್ ಕೊನೆಯಲ್ಲಿ ಭಾರತದ ವಿಮಾನಗಳು ನಿಂತವು, ಮೇ 7ಕ್ಕೆ ವಂದೇ ಭಾರತ್ ವಿಮಾನಗಳು ಶುರುವಾದವು. ಆ ದಿನಗಳಲ್ಲಿ ಹೆತ್ತವರ ಅಂತ್ಯಕ್ರಿಯೆಯನ್ನು ಅಂಗೈಯಗಲದ ಪರದೆಯಲ್ಲಿ ನೋಡಿ ಕೈಮುಗಿದವರು ನಮ್ಮ ನಡುವೆಯೇ ಇದ್ದಾರೆ. ಅವರೆದುರು ಫೋನಿಗೆ ಬೈಯಲು ನನಗೆ ಬಾಯಿ ಬರುವುದಿಲ್ಲ.

ಮಕ್ಕಳ ವಿಷಯ ಮಾತ್ರ ಬೇರೆ. ಪೆಟ್ಟಿಗೆಯೊಳಗೆ ಇರುವುದಕ್ಕೂ ಕೋಣೆಯೊಳಗೆ ಇರುವುದಕ್ಕೂ ವ್ಯತ್ಯಾಸವಿದೆ ಎಂದು ನನಗೆ ಗೊತ್ತಿತ್ತು, ಏಕೆಂದರೆ ಪೆಟ್ಟಿಗೆ ಕಟ್ಟಿದವನು ನಾನೇ. ಹದಿನೈದರ ಹುಡುಗಿಗೆ ಅದು ಇನ್ನೂ ಗೊತ್ತಾಗಿರುವುದಿಲ್ಲ. ಇನ್‌ಸ್ಟಾಗ್ರಾಂ ಕಂಪನಿಯ ಒಳಗಿನ ಸಂಶೋಧನೆಯ ಕಾಗದಗಳು 2021ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಹೊರಬಂದವು. ಅವನ್ನು ಹೊರತಂದ ಫ್ರಾನ್ಸಿಸ್ ಹಾಗನ್ ಎಂಬ ಹೆಣ್ಣುಮಗಳು ಮರುತಿಂಗಳು ಅಲ್ಲಿನ ಸೆನೆಟ್ಟಿನ ಮುಂದೆ ಸಾಕ್ಷಿ ಹೇಳಿದಳು. ತಮ್ಮ ಮೈಕಟ್ಟಿನ ಬಗ್ಗೆ ಮೊದಲೇ ಅಳುಕಿದ್ದ ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬಳು, ಇದರಿಂದ ಆ ಅಳುಕು ಇನ್ನೂ ಹೆಚ್ಚಾಯಿತು ಎಂದಿದ್ದಳಂತೆ. ನಮಗೆ ಇದರಿಂದ ಒಳ್ಳೆಯದೂ ಆಗಿದೆ ಎಂದ ಮಕ್ಕಳೂ ಇದ್ದಾರೆ ಎಂದು ಕಂಪನಿ ವಾದಿಸಿತು. ಅದೂ ಸುಳ್ಳಿರಲಾರದು. ಅದೇ ವರ್ಷದ ಮೇ ತಿಂಗಳಿನಿಂದ ಲೈಕಿನ ಅಂಕಿಯನ್ನು ಮರೆಮಾಡುವ ಸೌಲಭ್ಯ ಎಲ್ಲರಿಗೂ ಇದೆ. ಮಗಳಿಗೆ ತೋರಿಸಿದೆ. “ಮರೆಮಾಡಿದರೆ ಕಡಿಮೆ ಬಂದಿರಬೇಕು ಅಂತ ಎಲ್ಲರೂ ಅಂದುಕೊಳ್ತಾರೆ ಅಪ್ಪಾ” ಎಂದಳು! ಆಸ್ಟ್ರೇಲಿಯಾದವರು 2025ರ ಡಿಸೆಂಬರ್ 10ರಿಂದ ಹದಿನಾರರ ಕೆಳಗಿನವರಿಗೆ ಈ ಖಾತೆಗಳನ್ನೇ ಬಂದ್ ಮಾಡಿದ್ದಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2014ರಿಂದಲೇ ಇಂಥ ತೊಂದರೆಗಳಿಗೆಂದು ‘ಶಟ್’ ಎಂಬ ಪ್ರತ್ಯೇಕ ಕ್ಲಿನಿಕ್ ನಡೆಯುತ್ತಿದೆ. ರಜೆಗೆ ಹೋದಾಗ ಹಲ್ಲು ತೋರಿಸುತ್ತೇವೆ, ಕಣ್ಣು ತೋರಿಸುತ್ತೇವೆ. ಅಗತ್ಯವಿದ್ದವರು ಇದನ್ನೂ ತೋರಿಸಿಕೊಳ್ಳಲು ನಾಚಬೇಕಾಗಿಲ್ಲ.

ದೂರದ ಸೆನೆಟ್ಟು ಇರಲಿ, ನಮ್ಮ ಗುಂಪಿನಲ್ಲೇ ನಡೆದದ್ದು ಹೇಳುತ್ತೇನೆ. ಒಂದು ವರ್ಷ ಹತ್ತನೇ ಕ್ಲಾಸಿನ ಫಲಿತಾಂಶದ ದಿನ ಮಧ್ಯಾಹ್ನದಿಂದ ಅಂಕಪಟ್ಟಿಗಳ ಮಳೆ. 96, 97, 98.2. ಕೆಳಗೆ ಕೇಕು, ಹೂಗುಚ್ಛ, ಚಪ್ಪಾಳೆ. ಸಂಜೆಯ ಹೊತ್ತಿಗೆ ಒಂದು ಸಾಲು ಕಾಣಿಸಿತು: ಇಂಥವರು ‘ಲೆಫ್ಟ್’. ಅವರ ಮಗನಿಗೆ 64 ಬಂದಿತ್ತು. ಆ ಹುಡುಗ ನಮ್ಮ ನಾಟಕಗಳಿಗೆ ಪರದೆ ಕಟ್ಟುವವನು, ಕುರ್ಚಿ ಜೋಡಿಸುವವನು, ಎಲ್ಲರೂ ಹೋದ ಮೇಲೆ ಕಸ ಹೆಕ್ಕುವವನು. ಅದಕ್ಕೆ ನಾವು ಒಂದು ದಿನವೂ ಚಪ್ಪಾಳೆ ಕಳಿಸಿದವರಲ್ಲ. ಅವನ ತಾಯಿ ಎಂಟು ತಿಂಗಳು ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ. 2022ರಿಂದ ಗುಂಪು ಬಿಟ್ಟು ಹೋದ ಸೂಚನೆ ಅಡ್ಮಿನ್‌ಗೆ ಮಾತ್ರ ಹೋಗುವಂತೆ ಮಾಡಿದ್ದಾರೆ. ಅಂದರೆ ಇನ್ನು ಮುಂದೆ ಯಾರು ಹೋದರು ಎಂದೂ ನಾವಾಗಿ ಹುಡುಕದೆ ನಮಗೆ ಗೊತ್ತಾಗುವುದಿಲ್ಲ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ನೇರ ಕೋರಿಕೆ. ಫಲಿತಾಂಶದ ವಾರ ನಮ್ಮ ಗುಂಪಿನಲ್ಲಿ ಅಂಕಪಟ್ಟಿ ಹಾಕುವುದನ್ನು ನಿಲ್ಲಿಸೋಣ. ಪ್ರತಿಭಾ ಪುರಸ್ಕಾರ ಬೇಕೇ ಬೇಕು ಎಂದಾದರೆ ವೇದಿಕೆಯ ಮೇಲೆ ಕೊಡಿ, ಅವತ್ತು ಪರದೆ ಕಟ್ಟಿದ ಹುಡುಗನನ್ನೂ ಹೆಸರು ಹಿಡಿದು ಕರೆಯಿರಿ. ಎರಡನೆಯದು, ತಿಂಗಳಿಗೊಮ್ಮೆ ಸಮಿತಿಯ ಇಬ್ಬರು ಕೂತು, ಯಾರು ಕಾಣಿಸುತ್ತಿಲ್ಲ ಎಂದು ಪಟ್ಟಿ ನೋಡಿ ಫೋನು ಮಾಡಲಿ. ಸಂದೇಶ ಅಲ್ಲ, ಫೋನು. ಕೇಳಬೇಕಾದದ್ದು “ಏನು ಸಮಾಚಾರ, ಊಟ ಆಯ್ತಾ” ಎಂದು. ‘ಕೆಲಸ ಹೇಗುಂಟು’ ಎಂದಲ್ಲ. ಇದು ಅಧಿಕಪ್ರಸಂಗ, ಖಾಸಗಿ ವಿಷಯದಲ್ಲಿ ತಲೆಹಾಕುವುದು ಎಂದು ಕೆಲವರು ಹೇಳಿಯಾರು. ಹೇಳಲಿ. ಅಂಗಡಿಯವನು ತಲೆಹಾಕದಿದ್ದರೆ ನನ್ನ ಗೆಳೆಯನ ಕಥೆ ಹೇಗೆ ಮುಗಿಯುತ್ತಿತ್ತೋ ನನಗೆ ಗೊತ್ತಿಲ್ಲ.

ಅವರು ಈಗ ಊರಲ್ಲಿದ್ದಾರೆ. ಹತ್ತು ಜನ ಸೇರಿ ಟಿಕೆಟ್ಟಿನ, ಅಂಗಡಿ ಲೆಕ್ಕದ ವ್ಯವಸ್ಥೆ ಮಾಡಿದೆವು. ಅದನ್ನು ಗುಂಪಿನಲ್ಲಿ ಹಾಕಲಿಲ್ಲ. ಅಲ್ಲಿ ಅವರದು ಬಾವನ ಜೊತೆ ಸಣ್ಣ ವ್ಯಾಪಾರ, ಇಲ್ಲಿನ ಸಂಬಳದ ಕಾಲು ಭಾಗವೂ ಹುಟ್ಟುವುದಿಲ್ಲ, ಹೆಂಡತಿಯ ತವರಿನವರು ಚುಚ್ಚುವುದು ನಿಂತಿಲ್ಲ. ಸ್ಟೇಟಸ್ ಹಾಕುವುದನ್ನು ಬಿಟ್ಟಿದ್ದಾರೆ. ಶುಕ್ರವಾರ ಬೆಳಿಗ್ಗೆ ಇಲ್ಲಿನ ಒಂಬತ್ತಕ್ಕೆ ಅವರೇ ಫೋನು ಮಾಡುತ್ತಾರೆ. ಕಳೆದ ವಾರ ಅರ್ಧ ಗಂಟೆ ಮಾತಾಡಿದೆವು, ಅದರಲ್ಲಿ ಹತ್ತು ನಿಮಿಷ ಹಂದಿ ನುಗ್ಗಿ ಹಾಳು ಮಾಡಿದ ಗೆಣಸಿನ ಸಾಲಿನ ಬಗ್ಗೆ.

ಮಗಳು ಈ ಲೇಖನ ಓದಿ, ತನ್ನ ಭಾಗ ಇರಲಿ ಎಂದಳು. ಗೆಳತಿಗೆ ಇನ್ನೂರು ಬಂದದ್ದನ್ನು ತೆಗೆಯಿರಿ ಎಂದಳು. ತೆಗೆಯಲಿಲ್ಲ, ಕ್ಷಮಿಸು ಮಗಳೇ. ಅಮ್ಮನಿಗೆ ಕಳಿಸಬೇಕಿದ್ದ ಆ ಹೂವಿನ ಕುಂಡದ ಫೋಟೋ ನನ್ನ ಫೋನಿನ ಕಸದ ಬುಟ್ಟಿಯಲ್ಲಿ ಉಳಿದಿತ್ತು, ತೆಗೆದದ್ದು ನನ್ನ ಫೋನಿನಲ್ಲಲ್ಲವೇ. ಅಮ್ಮನಿಗೆ ಕಳಿಸಿದೆ. ಅವರಿಗೆ ಹೆಬ್ಬೆರಳು ಒತ್ತಲು ಬರುವುದಿಲ್ಲ. ಅತ್ತಿಗೆಯ ಕೈಯಲ್ಲಿ ಧ್ವನಿ ಸಂದೇಶ ಕಳಿಸಿದರು: “ಮಗು ಬಡಕಲಾಗಿದೆ, ಸರಿಯಾಗಿ ಗಂಜಿ ಕೊಡ್ತಿಯಾ ಇಲ್ವಾ?”